ಒಕಾಯಾಮಾದ ಒಗರು ಎಲೆ

ಒಸಾಕಾದಿಂದ ಹಿರೋಷಿಮಾದ ಕಡೆ ಓಡುವ ಶಿಂಕಾನ್‌ಸೆನ್ ರೈಲಿಗೆ ಹೆಚ್ಚುಕಡಿಮೆ ನಡುದಾರಿಯಲ್ಲಿ ಸಿಗುವ ಊರು ಒಕಾಯಾಮಾ. ಜಪಾನಿನಲ್ಲಿ ಇದು ಬಿಸಿಲಿಗೆ, ಪೀಚ್ ಹಣ್ಣಿಗೆ, ದ್ರಾಕ್ಷಿಗೆ ಹೆಸರುವಾಸಿ. ಊರ ನಡುವೆ ಅಸಾಹಿ ನದಿ ಹರಿಯುತ್ತದೆ. ದಡದ ಮೇಲಿನ ಕೋಟೆಗೆ ಕಪ್ಪು ಗೋಡೆ. ಅದಕ್ಕೇ ‘ಕಾಗೆ ಕೋಟೆ’ ಎಂಬ ಅಡ್ಡಹೆಸರು. 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದ ಅದರ ಮುಖ್ಯ ಗೋಪುರವನ್ನು 1966ರಲ್ಲಿ ಮತ್ತೆ ಕಟ್ಟಲಾಯಿತು. ನದಿಯ ಆಚೆಗೆ 1700ರಲ್ಲಿ ಪೂರ್ಣಗೊಂಡ ಕೊರಾಕುಯೆನ್ ಉದ್ಯಾನ. ಅಲ್ಲಿ ಹುಲ್ಲುಹಾಸು, ಕೊಳಗಳ ಜೊತೆಗೆ ಒಂದು ಪುಟ್ಟ ಗದ್ದೆಯೂ ಒಂದು ಚಹಾ ತೋಟವೂ ಇವೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಊರು ನೆನಪಿರಬೇಕಾದ ಕಾರಣ ಬೇರೆ. ಜಪಾನಿನ ಬದುಗಳಲ್ಲಿ, ಹಾದಿಬದಿಯಲ್ಲಿ ತಾನಾಗಿ ಬೆಳೆಯುವ ಒಂದು ಕಿರುಗಿಡದ ಗುಟ್ಟು ಒಡೆದದ್ದು ಇಲ್ಲಿ.

ಗಿಡದ ಹೆಸರು ಗೆನ್ನೊಶೋಕೊ. ‘ಕಣ್ಣೆದುರಿನ ಸಾಕ್ಷಿ’ ಎಂದು ಅದರ ಅರ್ಥ. ಭೇದಿಯಾದಾಗ ಇದರ ಕಷಾಯ ಕುಡಿದರೆ ಗುಣ ಕೂಡಲೇ ಕಾಣುತ್ತದೆ ಎಂಬ ನಂಬಿಕೆಯಿಂದ ಬಂದ ಹೆಸರು. ಅಂಗೈಯಂತೆ ಸೀಳಿದ ಎಲೆ, ಐದು ಎಸಳಿನ ಸಣ್ಣ ಹೂ. ಪಶ್ಚಿಮ ಜಪಾನಿನಲ್ಲಿ ಹೂವಿನ ಬಣ್ಣ ಹೆಚ್ಚಾಗಿ ಕೆನ್ನೇರಳೆ, ಪೂರ್ವದಲ್ಲಿ ಬಿಳಿ. ಕಾಯಿ ಒಡೆದಾಗ ಐದು ಪಟ್ಟಿಗಳು ಮೇಲಕ್ಕೆ ಸುರುಳಿಯಾಗಿ, ಉತ್ಸವದ ಪಲ್ಲಕ್ಕಿಯ ಚಾವಣಿಯಂತೆ ಕಾಣುತ್ತವೆ. ಹಾಗಾಗಿ ‘ಪಲ್ಲಕ್ಕಿ ಗಿಡ’ ಎಂದೂ ಕರೆಯುತ್ತಾರೆ.

ಆದರೆ ಇದನ್ನು ಕೀಳುವಾಗ ಎಚ್ಚರ ಬೇಕು. ಎಳೆಯ ಎಲೆಗಳು ಘೋರ ವಿಷದ ವತ್ಸನಾಭ ಜಾತಿಯ ಗಿಡದ ಎಲೆಗಳನ್ನು ಹೋಲುತ್ತವೆ. ಆದ್ದರಿಂದಲೇ ಬೇಸಿಗೆಯಲ್ಲಿ ಹೂ ನೋಡಿ, ಖಚಿತಪಡಿಸಿಕೊಂಡು ಕೀಳಬೇಕೆಂದು ಬಲ್ಲವರು ಹೇಳುತ್ತಾರೆ.

ಎಲೆಯಲ್ಲಿರುವ ಸತ್ತ್ವ ಟ್ಯಾನಿನ್. ಬಾಳೆಕಾಯಿ, ಅಡಿಕೆ, ಸೀಬೆಯ ಚಿಗುರು ಕಚ್ಚಿದಾಗ ನಾಲಿಗೆ ಒಗರಾಗುತ್ತದಲ್ಲ, ಅದು ಟ್ಯಾನಿನ್ನಿನ ಕೆಲಸ. ಜೊಲ್ಲಿನ ಪ್ರೋಟೀನುಗಳಿಗೆ ಅದು ಅಂಟಿಕೊಂಡು ಅವನ್ನು ಗಟ್ಟಿಗೊಳಿಸುತ್ತದೆ. ನಮ್ಮಲ್ಲಿ ತಂಗಡಿ ಚಕ್ಕೆಯಿಂದ ಚರ್ಮ ಹದಮಾಡುತ್ತಿದ್ದುದೂ ಇದೇ ಗುಣದಿಂದ. ಬಹುಕಾಲ ರಸಾಯನಶಾಸ್ತ್ರಜ್ಞರಿಗೆ ಟ್ಯಾನಿನ್ ಎಂದರೆ ಬೇರ್ಪಡಿಸಲು ಕಷ್ಟವಾದ ಕಂದು ಬಣ್ಣದ ಕಲಬೆರಕೆ. ಒಕಾಯಾಮಾ ವಿಶ್ವವಿದ್ಯಾಲಯದ ಔಷಧ ವಿಜ್ಞಾನ ವಿಭಾಗದ ತಾಕುವೊ ಒಕುಡಾ ಮತ್ತು ಸಂಗಡಿಗರು 1970ರ ದಶಕದಲ್ಲಿ ಗೆನ್ನೊಶೋಕೊ ಎಲೆಯಿಂದ ಹಳದಿ ಹರಳುಗಳಾಗಿ ಒಂದೇ ಒಂದು ಶುದ್ಧ ಟ್ಯಾನಿನ್ನನ್ನು ಪಡೆದರು. ಅದಕ್ಕೆ ಜೆರಾನಿನ್ ಎಂದು ಹೆಸರಿಟ್ಟರು.

ಜೆರಾನಿನ್ ಅಣುವಿನಲ್ಲಿ 41 ಕಾರ್ಬನ್, 28 ಹೈಡ್ರೋಜನ್, 27 ಆಮ್ಲಜನಕ ಪರಮಾಣುಗಳಿವೆ. ಅದರ ನಡುವೆ ಇರುವುದು ನಮಗೆಲ್ಲ ಪರಿಚಿತವಾದ ಗ್ಲೂಕೋಸ್. ಕಂಬಕ್ಕೆ ತೋರಣ ಕಟ್ಟಿದಂತೆ ಆ ಸಕ್ಕರೆಯ ಸುತ್ತ ಗ್ಯಾಲಿಕ್ ಆಮ್ಲದ ಘಟಕಗಳು ಒಂಟಿಯಾಗಿಯೂ ಜೋಡಿಯಾಗಿಯೂ ಸೇರಿಕೊಂಡಿವೆ. ಈ ಘಟಕಗಳ ಉಂಗುರಗಳ ಮೇಲೆ ಹೈಡ್ರಾಕ್ಸಿಲ್ ಗುಂಪುಗಳು ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ.

ಎಲ್ಲ ಮಹಿಮೆ ಈ ಹೈಡ್ರಾಕ್ಸಿಲ್‌ಗಳದ್ದು. ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ‘ಸ್ವತಂತ್ರ ರ್‍ಯಾಡಿಕಲ್’ಗಳು ಸಿಕ್ಕಿದ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತ ಸರಪಳಿಯಂತೆ ಹಾನಿ ಮಾಡುತ್ತವೆ. ಟ್ಯಾನಿನ್ ತನ್ನ ಹೈಡ್ರೋಜನ್ನನ್ನು ತಾನೇ ಕೊಟ್ಟು ಸರಪಳಿಯನ್ನು ಕತ್ತರಿಸುತ್ತದೆ. ಕೊಟ್ಟ ಮೇಲೂ ಅದು ಕೆಡುಕನಾಗುವುದಿಲ್ಲ. ಉಳಿದ ಒಂಟಿ ಎಲೆಕ್ಟ್ರಾನ್ ಉಂಗುರದ ತುಂಬ ಹರಡಿ ಶಾಂತವಾಗುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಎಲೆಯ ಸಾರ ಹಾಕಿದರೆ ನೇರಳೆ ಮಾಸಿ ಹಳದಿಯಾಗುತ್ತದೆ. ಇದೂ ಒಂದು ‘ಕಣ್ಣೆದುರಿನ ಸಾಕ್ಷಿ’ಯೇ.

ಸಾಕ್ಷಿ ಹೌದು, ಆದರೆ ಗಾಜಿನ ನಳಿಕೆಯೊಳಗಿನ ಸಾಕ್ಷಿ. ನಾವು ನುಂಗಿದ ಜೆರಾನಿನ್‌ನಂಥ ದೊಡ್ಡ ಅಣು ಹಾಗೆಯೇ ರಕ್ತಕ್ಕೆ ಇಳಿಯುವುದು ತೀರಾ ಕಡಿಮೆ. ಕರುಳಿನಲ್ಲಿ ಅದು ಒಡೆದು ಎಲ್ಲಾಜಿಕ್ ಆಮ್ಲವಾಗುತ್ತದೆ. ಅದನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಯುರೋಲಿಥಿನ್ ಎಂಬ ಚಿಕ್ಕ ಅಣುಗಳಾಗಿ ಮಾರ್ಪಡಿಸುತ್ತವೆ. ಈ ಮಾರ್ಪಾಡು ಎಲ್ಲರ ಹೊಟ್ಟೆಯಲ್ಲೂ ಒಂದೇ ರೀತಿ ನಡೆಯುವುದಿಲ್ಲ. ಆಹಾರಗಳ ಉತ್ಕರ್ಷಣ ನಿರೋಧಕ ಶಕ್ತಿಗೆ ಅಂಕ ಕೊಡುವ ಒಂದು ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿತ್ತು. ಆ ಅಂಕಗಳಿಗೂ ದೇಹದೊಳಗಿನ ಪರಿಣಾಮಕ್ಕೂ ತಾಳೆಯಾಗುವುದಿಲ್ಲ, ಮಾರಾಟಗಾರರು ಅವನ್ನು ದುರುಪಯೋಗ ಮಾಡುತ್ತಿದ್ದಾರೆ ಎಂದು 2012ರಲ್ಲಿ ತಾನೇ ಅದನ್ನು ಹಿಂತೆಗೆದುಕೊಂಡಿತು. ‘ಆ್ಯಂಟಿ ಆಕ್ಸಿಡೆಂಟ್’ ಎಂದು ದಪ್ಪಕ್ಷರದಲ್ಲಿ ಬರೆದ ಡಬ್ಬಿಯನ್ನು ಮಗುವಿನ ಪರೀಕ್ಷೆಯ ಕಾಲಕ್ಕೆಂದು ಕೊಳ್ಳಹೊರಟ ತಂದೆತಾಯಿ ಇದನ್ನು ಅರಿತಿರುವುದು ಒಳ್ಳೆಯದು.

ಇನ್ನೊಂದು ಮಾತು. ಟ್ಯಾನಿನ್ ಕಬ್ಬಿಣದ ಅಂಶವನ್ನೂ ಹಿಡಿದುಕೊಳ್ಳುತ್ತದೆ. ಊಟದ ಜೊತೆಗೇ ಗಟ್ಟಿ ಚಹಾ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆಯಿರುವ ಹುಡುಗಿಯರು ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಬೇಕು.

ಜೆರಾನಿನ್ ಜಪಾನಿನ ಸ್ವತ್ತೇನಲ್ಲ. ನಮ್ಮ ಹಿತ್ತಲಲ್ಲಿ ಮಳೆಗಾಲಕ್ಕೆ ತಲೆಯೆತ್ತುವ ನೆಲನೆಲ್ಲಿಯಲ್ಲೂ ಅದು ಇದೆ. ಕಾಮಾಲೆಗೆಂದು ಅಜ್ಜಿಯರು ಅರೆದು ಕೊಡುತ್ತಿದ್ದ ಗಿಡ ಅದು. ಕಾಮಾಲೆಯಾದವರು ವೈದ್ಯರನ್ನು ಕಾಣಲೇಬೇಕು. ಆದರೆ ಆ ಗಿಡವನ್ನು ಕಳೆ ಎಂದು ಕಿತ್ತೆಸೆಯುವ ಮುನ್ನ ಅದರ ಪುಟ್ಟ ಎಲೆಗಳನ್ನು ಒಮ್ಮೆ ನೋಡಿ. ಒಕಾಯಾಮಾದಲ್ಲಿ ಹರಳಾದ ಅದೇ ಅಣು ಅಲ್ಲಿಯೂ ಇದೆ.