ಕಿರುದೋಣಿಯ ಕಾಯಕ

ಜಾತ್ರೆಯ ದಿನ ತೇರನ್ನು ಎಳೆಯುವವರು ಸಾವಿರ ಮಂದಿ. ಆದರೆ ಅದು ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ಬಾಗಿ ನಡೆಯುವ ಒಬ್ಬಿಬ್ಬರ ಕೈಯಲ್ಲಿರುತ್ತದೆ. ನೋಡುವವರ ಕಣ್ಣು ಕಳಸದ ಮೇಲಿರುವುದೇ ಹೊರತು ಅವರ ಮೇಲಲ್ಲ. ಕಡಲ ಬಂದರುಗಳಲ್ಲಿಯೂ ಇಂಥದೇ ಒಂದು ಸೇವೆಯುಂಟು. ಅದನ್ನು ಸಲ್ಲಿಸುವುದು ಟಗ್ ಎಂಬ ಚಿಕ್ಕ ದೋಣಿ.

ಮಹಾಸಾಗರವನ್ನು ದಾಟಿ ಬಂದ ಹಡಗು ಬಂದರಿನ ಬಾಗಿಲಲ್ಲಿ ಅಸಹಾಯವಾಗುತ್ತದೆಂಬುದು ಒಳನಾಡಿನವರಿಗೆ ಸೋಜಿಗವೆನಿಸಬಹುದು. ಚುಕ್ಕಾಣಿಗೆ ಬಲ ಬರುವುದು ಅದರ ಮೈಗೆ ತಾಗಿ ಹರಿಯುವ ನೀರಿನಿಂದ. ವೇಗ ತಗ್ಗಿದಂತೆ ಆ ಹರಿವೂ ತಗ್ಗಿ ಚುಕ್ಕಾಣಿ ಹೇಳಿದ ಮಾತನ್ನು ಹಡಗು ಕೇಳದು. ಆಗ ಅಡ್ಡಗಾಳಿಯೊಂದು ಬೀಸಿದರೂ ಸಾಕು, ಸಾವಿರಾರು ಟನ್ ತೂಕದ ಒಡಲು ಗೋಡೆಗೆ ಬಡಿಯುವ ಭಯವುಂಟು. ಟಗ್ ಬಂದು ಹಗ್ಗ ಹಿಡಿದು ಎಳೆದೋ, ಮೂತಿಯಿಂದ ಒತ್ತಿಯೋ ಅದನ್ನು ದಡ ಸೇರಿಸುತ್ತದೆ. ಉಗಿಯ ಬಲದಿಂದ ಈ ಕೆಲಸ ಸಾಧ್ಯವೆಂದು 1803ರಲ್ಲಿಯೇ ಸ್ಕಾಟ್ಲೆಂಡಿನ ಫೋರ್ತ್ ಮತ್ತು ಕ್ಲೈಡ್ ಕಾಲುವೆಯಲ್ಲಿ ವಿಲಿಯಂ ಸಿಮಿಂಗ್ಟನ್ ಎಂಬ ಯಂತ್ರಶಿಲ್ಪಿ ತೋರಿಸಿಕೊಟ್ಟನು. ಅವನ ‘ಷಾರ್ಲಟ್ ಡಂಡಾಸ್’ ತಲಾ 70 ಟನ್ನಿನ ಎರಡು ಸರಕುದೋಣಿಗಳನ್ನು ಎದುರುಗಾಳಿಯಲ್ಲಿ ಎಳೆದೊಯ್ದಿತು. ಅಲೆಗಳಿಂದ ಕಾಲುವೆಯ ದಂಡೆ ಕುಸಿದೀತೆಂದು ಅಂಜಿದ ಒಡೆಯರು ಅದನ್ನು ಮುಂದುವರಿಸಲಿಲ್ಲವಾದರೂ ಅದು ತೋರಿದ ದಾರಿ ಮುಚ್ಚಲಿಲ್ಲ. ನಮ್ಮ ಪಣಂಬೂರಿನಲ್ಲಿ ತಲೆಯೆತ್ತಿ, 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರಿನಲ್ಲಿಯೂ ದೊಡ್ಡ ಹಡಗುಗಳು ಈ ಕಿರುದೋಣಿಗಳ ಕೈಹಿಡಿದೇ ದಡ ಸೇರುತ್ತವೆ.

ಈ ಮಠದ ಪ್ರಸಾದ ನಿಲಯದಲ್ಲಿ ಉಂಡು, ಈ ಶಾಲೆಯಲ್ಲಿ ಓದಿ, 1978ರಲ್ಲಿ ಕಡಲ ಕಡೆಗೆ ಹೋದ ಬಯಲುಸೀಮೆಯ ಯುವಕನೊಬ್ಬ ಮೂವತ್ತಾರು ವರ್ಷ ಬೇರೆ ಬೇರೆ ಬಂದರುಗಳ ಟಗ್‌ಗಳಲ್ಲಿ ದುಡಿದು, 2014ರಲ್ಲಿ ನಿವೃತ್ತನಾಗಿ ಊರಿಗೆ ಮರಳಿದನು. ಇಂದು ಶಾಲೆಯ ಮಕ್ಕಳು ‘ಮುತ್ಯಾ’ ಎಂದು ಕರೆಯುವ ಹಿರಿಯರು ಇವರೇ. ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಮಗ 2022ರಲ್ಲಿ ಊರಿಗೆ ಬಂದಾಗ ಒಂದು ದೊಡ್ಡ ಪೆಟ್ಟಿಗೆಯನ್ನು ತಂದುಕೊಟ್ಟನು. ಅದರಲ್ಲಿದ್ದುದು ಟಗ್ ದೋಣಿಯ ಪ್ರತಿಕೃತಿಯನ್ನು ಕಟ್ಟುವ ಕಿಟ್: ಫೈಬರ್ ಗಾಜಿನ ಒಡಲು, ತೆಳುವಾದ ಪ್ಲಾಸ್ಟಿಕ್ ಹಾಳೆಗಳು, ಹಿತ್ತಾಳೆಯ ದಂಡ, ಎರಕದ ಚಿಕ್ಕಪುಟ್ಟ ಬಿಡಿಭಾಗಗಳು, ಹಾಸಿಗೆಯಷ್ಟಗಲದ ನಕ್ಷೆಗಳು. ಮೋಟಾರು, ಬ್ಯಾಟರಿ, ರೇಡಿಯೊ ನಿಯಂತ್ರಣದ ಸಾಮಗ್ರಿಗಳನ್ನು ಬೇರೆಯಾಗಿ ಕೊಂಡು ತಂದಿದ್ದನು. ಆ ನಾಡಿನಲ್ಲಿ ನಿವೃತ್ತರು ಇಂಥವನ್ನು ಕಟ್ಟಿ ಕೊಳಗಳಲ್ಲಿ ತೇಲಿಬಿಡುವುದು ಹಳೆಯ ಹವ್ಯಾಸ. ಊರವರು ಮಾತ್ರ ‘ವಯಸ್ಸಾದ ಮೇಲೆ ಆಟಿಗೆಯೇ?’ ಎಂದು ನಕ್ಕರು. ಹಿರಿಯರು ಪೆಟ್ಟಿಗೆಯನ್ನು ಹೊತ್ತು ಶಾಲೆಗೆ ಬಂದರು. ಪೂಜ್ಯ ಶ್ರೀಗಳವರ ಅಪ್ಪಣೆಯಿಂದ ಕರಕುಶಲ ಕೊಠಡಿಯ ಒಂದು ಮೇಜು ದೊರೆಯಿತು. ಎಂಟು, ಒಂಬತ್ತನೆಯ ತರಗತಿಯ ಆರು ಮಂದಿ ಹುಡುಗರು ಜೊತೆಗೂಡಿದರು.

ಆ ಕೆಲಸ ಹದಿನಾಲ್ಕು ತಿಂಗಳು ಹಿಡಿಯಿತು. ಪ್ರತಿಕೃತಿಯ ಪ್ರಮಾಣ ಮೂವತ್ತಾರಕ್ಕೆ ಒಂದು. ಎಂದರೆ 27 ಮೀಟರ್ ಉದ್ದದ ದೋಣಿ ಇಲ್ಲಿ 75 ಸೆಂಟಿಮೀಟರ್. ಹುಡುಗರು ಉದ್ದಕ್ಕೆ ಕಲಿತ ಲೆಕ್ಕವನ್ನೇ ತೂಕಕ್ಕೂ ಹಾಕಿ, 300 ಟನ್ನಿನ ದೋಣಿಯ ಪ್ರತಿಕೃತಿ ಎಂಟು ಟನ್ನಿಗೂ ಮೀರಿ ತೂಗಬೇಕೆಂದು ಹೇಳಿ ತಾವೇ ಬೆರಗಾದರು. ಉದ್ದ, ಅಗಲ, ಆಳ ಮೂರೂ ಕುಗ್ಗುವುದರಿಂದ ಮೂವತ್ತಾರನ್ನು ಮೂರು ಸಲ ಗುಣಿಸಿ ಭಾಗಿಸಬೇಕೆಂದು ಹಿರಿಯರು ತಿಳಿಸಿದಾಗ ಉತ್ತರ ಸುಮಾರು ಆರೂವರೆ ಕಿಲೊಗ್ರಾಂ ಎಂದು ಬಂದಿತು. ವೇಗಕ್ಕಾದರೋ ಇನ್ನೊಂದು ನಿಯಮ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಫ್ರೂಡ್ ಎಂಬ ಆಂಗ್ಲ ವಿದ್ವಾಂಸನು ಪ್ರತಿಕೃತಿಗಳನ್ನು ನೀರಿನಲ್ಲಿ ಎಳೆದು ಕಂಡುಕೊಂಡಂತೆ, ವೇಗವು ಪ್ರಮಾಣದ ವರ್ಗಮೂಲಕ್ಕನುಸಾರ ಕುಗ್ಗಬೇಕು. ಮೂವತ್ತಾರರ ವರ್ಗಮೂಲ ಆರು. ನಿಜವಾದ ಟಗ್ ಗಂಟೆಗೆ 22 ಕಿಲೊಮೀಟರ್ ಓಡಿದರೆ ಪ್ರತಿಕೃತಿ ನಾಲ್ಕು ಕಿಲೊಮೀಟರಿಗಿಂತ ತುಸು ಕಡಿಮೆ, ಮನುಷ್ಯನ ಸಾವಕಾಶದ ನಡಿಗೆಯಷ್ಟು ಓಡಬೇಕು. ಆಗಲೇ ಅದರ ಮೂತಿಯ ಅಲೆ ನಿಜವಾದ ಅಲೆಯನ್ನು ಹೋಲುತ್ತದೆ. ಅದಕ್ಕಿಂತ ವೇಗವಾಗಿ ಓಡಿಸಿದರೆ ಎಷ್ಟೇ ಅಂದವಾಗಿ ಕಟ್ಟಿದ ದೋಣಿಯಾದರೂ ಆಟಿಗೆಯೇ ಸರಿ.

ಮೊದಲು ದೋಣಿಯನ್ನು ನಿಲ್ಲಿಸಲು ಮರದ ಪೀಠವಾಯಿತು. ಬಳಿಕ ಒಡಲಿನ ಹಿಂಬದಿಯಲ್ಲಿ ರಂಧ್ರ ಕೊರೆದು ಪ್ರೊಪೆಲ್ಲರಿನ ದಂಡಕ್ಕೆ ಕೊಳವೆ ಕೂಡಿಸಿದರು. ಮೋಟಾರು ಮತ್ತು ದಂಡ ಒಂದೇ ಸರಳರೇಖೆಯಲ್ಲಿರಬೇಕು. ಕೂದಲೆಳೆಯಷ್ಟು ವಾರೆಯಾದರೂ ಗರಗರ ಸದ್ದು ಹುಟ್ಟಿ ಬ್ಯಾಟರಿ ಬೇಗನೆ ಬರಿದಾಗುತ್ತದೆ. ಇದಕ್ಕಾಗಿ ಅವರು ಮೂರು ಸಲ ಕೂಡಿಸಿ ಮೂರು ಸಲ ಬಿಚ್ಚಿದರು. ನೀರು ಒಳನುಗ್ಗದಂತೆ ಕೊಳವೆಯಲ್ಲಿ ಗ್ರೀಸ್ ತುಂಬಿದರು. ಚುಕ್ಕಾಣಿಯನ್ನು ತಿರುಗಿಸಲು ಸರ್ವೊ ಎಂಬ ಪುಟ್ಟ ಯಂತ್ರವನ್ನೂ, ರೇಡಿಯೊ ಸಂಕೇತ ನಿಂತುಹೋದರೆ ಮೋಟಾರು ತಾನೇ ನಿಲ್ಲುವ ಏರ್ಪಾಡನ್ನೂ ಅಳವಡಿಸಿದರು. ತಂತಿಯ ಸಂಬಂಧವಿಲ್ಲದೆ ದೋಣಿಯನ್ನು ದೂರದಿಂದ ನಡೆಸಬಹುದೆಂದು ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ತೋರಿಸಿದ ಸಂಗತಿಯನ್ನು ವಿಜ್ಞಾನದ ಅಧ್ಯಾಪಕರು ಆ ಸಂದರ್ಭದಲ್ಲಿ ಮಕ್ಕಳಿಗೆ ವಿವರಿಸಿದರು.

ತೇಲಿಸಿ ನೋಡುವ ಮೊದಲ ಪರೀಕ್ಷೆ ಗೋಶಾಲೆಯ ಮುಂದೆ, ದನಗಳು ನೀರು ಕುಡಿಯುವ ಕಲ್ಲುದೋಣಿಯಲ್ಲಿ ನಡೆಯಿತು. ದೋಣಿಯೊಳಗೆ ದೋಣಿ ಎಂದು ಹುಡುಗರು ನಕ್ಕರು. ಒಡಲಿನ ತಳದಲ್ಲಿ ಸೀಸದ ತುಂಡುಗಳನ್ನಿಟ್ಟು, ಒಂದೊಂದನ್ನೇ ಅತ್ತಿತ್ತ ಸರಿಸಿ, ಬಣ್ಣದ ಗೆರೆಗೆ ಸರಿಯಾಗಿ ನೀರು ನಿಲ್ಲುವಂತೆ ಮಾಡಿದರು. ಭಾರ ತಳದಲ್ಲಿದ್ದಷ್ಟೂ ದೋಣಿ ವಾಲಿದರೂ ಮತ್ತೆ ಏಳುತ್ತದೆ.

ಅನಂತರ ಅಲಂಕರಣ. ನೋಡುವವರಿಗೆ ಅಲಂಕಾರವೆನಿಸಿದರೂ ಅಲ್ಲಿ ಪ್ರತಿಯೊಂದಕ್ಕೂ ಪ್ರಯೋಜನವಿತ್ತು. ಹಿತ್ತಾಳೆಯ ತಂತಿಯನ್ನು ಬೆಸೆದು ಕಟಾಂಜನ ಮಾಡಿದರು. ಪಕ್ಕೆಗಳಿಗೆ ಟೈರಿನಂಥ ರಬ್ಬರಿನ ಬಳೆಗಳನ್ನು ತೂಗುಹಾಕಿದರು. ಮೂತಿಗೆ ಬೇಕಾದ ಹಗ್ಗದ ಮೆತ್ತೆಯನ್ನು ಹಿರಿಯರ ಧರ್ಮಪತ್ನಿಯವರು ಹತ್ತಿಯ ದಾರದಿಂದ ಹೆಣೆದುಕೊಟ್ಟರು. ಕೊಡ ಹೊರಲು ಸಿಂಬೆ ಸುತ್ತಿದ ಕೈಗೆ ಅದು ಹೊಸದಾಗಿರಲಿಲ್ಲ. ರಾತ್ರಿಯಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಕಂಬದಲ್ಲಿ ಒಂದರ ಕೆಳಗೊಂದು ಎರಡು ಬಿಳಿ ದೀಪ, ಹಿಂದೆ ಬಿಳಿಯ ದೀಪದ ಮೇಲೊಂದು ಹಳದಿ ದೀಪ. 1972ರ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇವನ್ನು ಕಂಡ ಬೇರೆ ಹಡಗುಗಳು ‘ಇದು ಏನನ್ನೋ ಎಳೆಯುತ್ತಿದೆ, ಎಚ್ಚರ’ ಎಂದು ತಿಳಿಯುತ್ತವೆ. ಎಲ್ಲ ಬಣ್ಣ ಮುಗಿದು ದೋಣಿ ಮದುವಣಗಿತ್ತಿಯಂತೆ ಹೊಳೆಯುತ್ತಿದ್ದಾಗ ಹಿರಿಯರು ತೆಳುವಾದ ಕಂದು ಬಣ್ಣವನ್ನು ಬಟ್ಟೆಯಲ್ಲದ್ದಿ ಅಲ್ಲಲ್ಲಿ ಒರೆಸತೊಡಗಿದರು. ಹುಡುಗರು ಹೌಹಾರಿದರು. ಲಂಗರಿನ ಕೆಳಗೆ ತುಕ್ಕು ಇಳಿಯುತ್ತದೆಂದೂ, ಹಗ್ಗ ಉಜ್ಜುವ ಕಬ್ಬಿಣದ ಕಮಾನಿನ ಮೇಲೆ ಬಣ್ಣ ನಿಲ್ಲುವುದೇ ಇಲ್ಲವೆಂದೂ ಹೇಳಿ, ದುಡಿಯದ ದೋಣಿ ಮಾತ್ರವೇ ಹೊಸದಾಗಿರುತ್ತದೆಂದು ಅವರನ್ನು ಸಮಾಧಾನಪಡಿಸಿದರು.

ಕಿಟ್ಟಿನಲ್ಲಿ ಬಂದಿದ್ದ ಒಂದೇ ಒಂದು ವಸ್ತುವನ್ನು ಅವರು ಒಪ್ಪಲಿಲ್ಲ. ಅದು ಹಗ್ಗ ಸಿಕ್ಕಿಸುವ ಕೊಕ್ಕೆ. ಒಂದೇ ಎರಕದ ಆ ಕೊಕ್ಕೆ ನೋಡಲು ಸರಿಯಾಗಿಯೇ ಇತ್ತು, ಆದರೆ ತೆರೆಯುತ್ತಿರಲಿಲ್ಲ. ನಿಜವಾದ ಟಗ್‌ನ ಕೊಕ್ಕೆ ಸನ್ನೆಯನ್ನು ಎಳೆದೊಡನೆ ಬಾಯಿ ಬಿಟ್ಟು ಹಗ್ಗವನ್ನು ಕಳಚಬೇಕು. ಏಕೆಂದರೆ ಟಗ್‌ಗೆ ಅತಿ ದೊಡ್ಡ ಅಪಾಯ ಅದು ಎಳೆಯುವ ಹಡಗಿನಿಂದಲೇ ಬರುವಂಥದು. ದೋಣಿ ಸುಲಭವಾಗಿ ತಿರುಗಲೆಂದು ಕೊಕ್ಕೆಯನ್ನು ನಡುಭಾಗದ ಹತ್ತಿರ ಇಟ್ಟಿರುತ್ತಾರೆ. ಹಡಗು ವೇಗ ಹೆಚ್ಚಿಸಿಕೊಂಡು ಮುಂದೆ ಸರಿದರೆ ಹಗ್ಗ ಟಗ್‌ನ ಪಕ್ಕಕ್ಕೆ ಬರುತ್ತದೆ. ಆಗ ಎಳೆಯುತ್ತಿದ್ದ ದೋಣಿಯೇ ಅಡ್ಡಡ್ಡಲಾಗಿ ಎಳೆಯಲ್ಪಟ್ಟು ಕೆಲವೇ ಕ್ಷಣಗಳಲ್ಲಿ ಮಗುಚುತ್ತದೆ. ಇತ್ತೀಚಿನ ಟಗ್‌ಗಳ ರಚನೆಯಲ್ಲಿ ಈ ಅಪಾಯ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಆದ್ದರಿಂದ ಹಿರಿಯರು ಎರಕದ ಕೊಕ್ಕೆಯನ್ನು ಬದಿಗಿಟ್ಟು, ಹಿತ್ತಾಳೆಯ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಎರಡು ತಿಂಗಳಲ್ಲಿ ತೆರೆಯುವ ಕೊಕ್ಕೆಯನ್ನು ಮಾಡಿದರು. ಅದಕ್ಕೆ ಪ್ರತ್ಯೇಕ ಸರ್ವೊವನ್ನು ಕೂಡಿಸಿದರು. ದಿನವೂ ಅದಕ್ಕೊಂದು ಹನಿ ಎಣ್ಣೆ ಹಾಕಿ, ತೆರೆದು ಮುಚ್ಚಿ ನೋಡುವ ಕೆಲಸವನ್ನು ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿಗೆ ವಹಿಸಿದರು.

ಒಂದು ದಿನ ಆ ಹುಡುಗ ಮರೆತನು. ಕೇಳಿದಾಗ ಸಹಜವಾಗಿಯೇ ಹೇಳಿದನು: “ಒಂದ ದಿನಾ ಎಣ್ಣಿ ಹಾಕಲಿಲ್ಲಂದ್ರ ಏನ ಆಗತೈತಿ, ಮುತ್ಯಾ? ಇದೇನ ಖರೇ ದೋಣಿ ಅಲ್ಲಲ್ಲ.”

ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ದನಿಯೇರಿಸದಿದ್ದ ಹಿರಿಯರು ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆಸೆದು ಗದರಿ ಹೊರನಡೆದರು. ಅರ್ಧ ಗಂಟೆಯ ಮೇಲೆ ತಾವಾಗಿಯೇ ಒಳಗೆ ಬಂದು, ಹುಡುಗರನ್ನೂ ಅಧ್ಯಾಪಕರನ್ನೂ ಕೂರಿಸಿಕೊಂಡು ಒಂದು ಸಂಗತಿಯನ್ನು ಹೇಳಿದರು. ಅದು 1981ರ ಮಳೆಗಾಲದ ಮಾತು. ಬಂದರಿನ ಹೆಸರನ್ನು ಅವರು ಎತ್ತಲಿಲ್ಲ. ಸರಕಿನ ಹಡಗೊಂದನ್ನು ಹೊರಗೆ ಕರೆದೊಯ್ಯುವಾಗ ಹಗ್ಗ ಪಕ್ಕಕ್ಕೆ ಬಂದಿತು, ಟಗ್ ವಾಲಿತು, ಡೆಕ್ಕಿನ ಮೇಲೆ ನೀರು ನುಗ್ಗಿತು. ಕೊಕ್ಕೆಯ ಸನ್ನೆಯನ್ನು ಎಳೆದರೆ ಉಪ್ಪುನೀರಿನ ತುಕ್ಕು ಹಿಡಿದು ಅದು ಅಲುಗಲಿಲ್ಲ. ಜೊತೆಯಲ್ಲಿದ್ದ ಗೆಳೆಯ ಇವರನ್ನು ಎತ್ತರದ ಪಕ್ಕಕ್ಕೆ ನೂಕಿ, ತಾನು ಸುತ್ತಿಗೆ ಹಿಡಿದು ಬಡಿದನು. ಮೂರನೆಯ ಪೆಟ್ಟಿಗೆ ಕೊಕ್ಕೆ ತೆರೆಯಿತು, ದೋಣಿ ಎದ್ದು ನಿಂತಿತು. ಆದರೆ ಬಿಗಿತ ಕಳಚಿದ ಹಗ್ಗ ಬೀಸಿದ ಹೊಡೆತಕ್ಕೆ ಗೆಳೆಯ ನೀರಿಗೆ ಬಿದ್ದನು. ಮತ್ತೆ ಸಿಗಲಿಲ್ಲ. ವಿಚಾರಣೆಯಲ್ಲಿ ಗಾಳಿಯ ಮಾತು ಬಂದಿತು, ಅಲೆಯ ಮಾತು ಬಂದಿತು. ಕೊಕ್ಕೆಗೆ ಎಣ್ಣೆ ಹಾಕುವ ಸರದಿ ಯಾರದಾಗಿತ್ತೆಂದು ಯಾರೂ ಕೇಳಲಿಲ್ಲ. ಆ ವಾರದ ಸರದಿ ಇವರದಾಗಿತ್ತು. ಇವರು ಹಾಕಿರಲಿಲ್ಲ. ಯಾರೂ ಕೇಳಲಿಲ್ಲವಾಗಿ ಇವರು ಹೇಳಲೂ ಇಲ್ಲ.

ಕೊಠಡಿಯಲ್ಲಿ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ ಆ ಹುಡುಗ ಎದ್ದು ಎಣ್ಣೆಯ ಬಟ್ಟಲನ್ನು ತಂದನು.

ಮರುವಾರ ಮಠದ ಹಿಂದಣ ಕೆರೆಯಲ್ಲಿ ದೋಣಿಯನ್ನು ಇಳಿಸಿದರು. ಪೂಜ್ಯ ಶ್ರೀಗಳವರು ದಡದಲ್ಲಿ ಕುಳಿತಿದ್ದರು. ಆಟಿಗೆಯೆಂದು ನಕ್ಕಿದ್ದವರೂ ಬಂದಿದ್ದರು. ಬಾಳೆಯ ದಿಂಡುಗಳನ್ನು ಕಟ್ಟಿ ಮಾಡಿದ ತೆಪ್ಪವನ್ನು ಕೊಕ್ಕೆಗೆ ಸಿಕ್ಕಿಸಿದಾಗ, ತನಗಿಂತ ಹಲವು ಪಟ್ಟು ದೊಡ್ಡದಾದ ಅದನ್ನು ಕಿರುದೋಣಿ ನಿಧಾನವಾಗಿ, ನೀರಿನಲ್ಲಿ ಸಣ್ಣ ಮಡಿಕೆಗಳನ್ನು ಬಿಡುತ್ತ ಎಳೆದೊಯ್ದಿತು. ಚಪ್ಪಾಳೆ ಬಿದ್ದಿತು. ಹಿರಿಯರಿಗೆ ಅಷ್ಟಕ್ಕೆ ತೃಪ್ತಿಯಿರಲಿಲ್ಲ. ತೆಪ್ಪಕ್ಕೆ ಇನ್ನೊಂದು ಹಗ್ಗ ಕಟ್ಟಿಸಿ, ದಡದ ಮೇಲಿನ ಹುಡುಗರಿಗೆ ಅದನ್ನು ಪಕ್ಕಕ್ಕೆ ಜಗ್ಗುವಂತೆ ಹೇಳಿದರು. ನಿಯಂತ್ರಣದ ಪೆಟ್ಟಿಗೆ ಎಣ್ಣೆ ಮರೆತಿದ್ದ ಹುಡುಗನ ಕೈಯಲ್ಲಿತ್ತು. ಹಗ್ಗ ಅಡ್ಡವಾಯಿತು, ದೋಣಿ ವಾಲಿತು, ಕಟಾಂಜನ ನೀರಿನಲ್ಲಿ ಮುಳುಗಿತು. ಹದಿನಾಲ್ಕು ತಿಂಗಳ ದುಡಿಮೆ ತಳ ಸೇರುವುದೆಂದು ನೆರೆದವರು ಕೂಗಿಕೊಂಡರು. “ಬಿಡೋ ತಮ್ಮಾ!” ಎಂದರು ಹಿರಿಯರು. ಹುಡುಗ ಸನ್ನೆಯನ್ನೊತ್ತಿದನು. ಕೊಕ್ಕೆ ಬಾಯಿಬಿಟ್ಟಿತು, ಹಗ್ಗ ಹಾರಿತು. ಕಿರುದೋಣಿ ಎರಡು ಸಲ ತೂಗಾಡಿ, ಡೆಕ್ಕಿನ ನೀರನ್ನು ಚೆಲ್ಲಿ ನೆಟ್ಟಗಾಯಿತು. ಆಗ ಹಿರಿಯರು ಕೆರೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅಂದು ರಾತ್ರಿ ಅವರು ಗೆಳೆಯನ ಮನೆಯವರಿಗೆ ಒಂದು ದೀರ್ಘ ಪತ್ರ ಬರೆದರೆಂದು ಅವರ ಧರ್ಮಪತ್ನಿಯವರು ಹೇಳುತ್ತಾರೆ. ಉತ್ತರ ಬಂದಿತೋ ಇಲ್ಲವೋ, ಯಾರೂ ಕೇಳಿಲ್ಲ.

ಹಗ್ಗ ಹೊಸೆಯುವುದನ್ನೇ ಕಾಯಕವಾಗಿಸಿಕೊಂಡಿದ್ದ ನುಲಿಯ ಚಂದಯ್ಯನವರು, ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಕಳಚಿ ನೀರಿಗೆ ಬಿದ್ದರೂ ಕೈಯ ಕೆಲಸವನ್ನು ಬಿಡದೆ ನಡೆದರೆಂಬ ಕಥೆ ಶರಣಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಕಾಯಕವನ್ನು ದೊಡ್ಡದೆಂದು ಕೊಂಡಾಡುವುದು ಸುಲಭ. ಅದರ ಒಂದು ದಿನದ ಪಾಲನ್ನು, ಯಾರೂ ನೋಡದಿರುವಾಗ, ಒಂದು ಹನಿ ಎಣ್ಣೆಯ ಮಟ್ಟಿಗೆ ತಪ್ಪದೆ ಸಲ್ಲಿಸುವುದು ಕಷ್ಟ.

ದೋಣಿ ಈಗ ಶಾಲೆಯ ವಿಜ್ಞಾನ ಕೊಠಡಿಯಲ್ಲಿದೆ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಡಬಾರದೆಂಬುದು ಹಿರಿಯರ ಕೋರಿಕೆ. ಪಕ್ಕದಲ್ಲೊಂದು ನೋಟುಪುಸ್ತಕವಿದೆ. ಅದರಲ್ಲಿ ದಿನಾಂಕ, ಕೊಕ್ಕೆ ತೆರೆಯಿತೆಂಬ ಒಂದು ಗುರುತು, ಎಣ್ಣೆ ಹಾಕಿದವನ ರುಜು ಇಷ್ಟೇ ಇರುತ್ತವೆ. ಮೊದಲ ಪುಟಗಳ ಅಕ್ಷರ ಆ ಹುಡುಗನದು. ಅವನು ಶಾಲೆ ಮುಗಿಸಿ ಹೋದಮೇಲೆ ಅಕ್ಷರ ಬದಲಾಗಿದೆ, ದಿನಾಂಕ ತಪ್ಪಿಲ್ಲ.