14 ಕೋಲು ಬೇಡ, ಐದು ಸಾಕು

ಹಣಕೋಣದವನೊಬ್ಬ ಗಾಲ್ಫ್ ಬಗ್ಗೆ ಬರೆದರೆ ಓದುವವರು ನಗಬಹುದು. ನಮ್ಮೂರಲ್ಲಿ ಗಾಲ್ಫ್ ಮೈದಾನ ಇಲ್ಲ. ಟಿವಿಯಲ್ಲಿ ಚಾನೆಲ್ ಬದಲಿಸುವಾಗ ಅರೆಕ್ಷಣ ಹಸಿರು ಹುಲ್ಲು ಕಂಡು ಮಾಯವಾಗುತ್ತದಲ್ಲ, ನಮಗೆ ಗಾಲ್ಫ್ ಅಂದರೆ ಅಷ್ಟೇ. ಅದು ಶ್ರೀಮಂತರ ಆಟ, ಅಧಿಕಾರಿಗಳ ಆಟ.

ಆದರೆ ಮಾಜಾಳಿ ದಾಟಿದರೆ ಗೋವಾ. ಸದಾಶಿವಗಡದಿಂದ ಬೈಕಿನಲ್ಲಿ ಹೊರಟರೆ ಸುಮಾರು ಒಂದು ತಾಸಿನಲ್ಲಿ ಕಾಣಕೋಣ ತಾಲೂಕಿನ ರಾಜಬಾಗ ಕಡಲತೀರ ಬರುತ್ತದೆ. ಅಲ್ಲಿ ಸಮುದ್ರದ ಪಕ್ಕದಲ್ಲೇ ಗಾಲ್ಫ್ ಮೈದಾನ ಇದೆ. ಕಾರವಾರ, ಅಂಕೋಲಾ ಕಡೆಯ ಎಷ್ಟೋ ಹುಡುಗರು ಗೋವಾದ ಹೋಟೆಲುಗಳಲ್ಲಿ ಕೆಲಸಕ್ಕಿದ್ದಾರೆ. ರೂಮು ಗುಡಿಸುವವರು, ಅಡುಗೆಯವರು, ತೋಟದವರು. ಆಟ ಆಡುವವರ ಹತ್ತಿರ ದಿನವಿಡೀ ನಿಂತರೆ ಆಟ ಮೈಗೆ ಹತ್ತುತ್ತದೆ.

ನನ್ನ ಅಕ್ಕನ ಮಗನಿಗೆ ಹತ್ತಿದ್ದು ಹಾಗೆಯೇ. ಅವನಿಗೆ 22 ವರ್ಷ. ಗೋವಾದ ಒಂದು ಹೋಟೆಲಿನ ತೋಟದ ವಿಭಾಗದಲ್ಲಿ ಕೆಲಸ, ತಿಂಗಳಿಗೆ 14 ಸಾವಿರ ಸಂಬಳ. ನಮ್ಮ ಸಾತೇರಿ ದೇವಿಯ ಗುಡಿಯ ಬಾಗಿಲು ವರ್ಷಕ್ಕೆ ಏಳು ದಿನ ಮಾತ್ರ ತೆರೆಯುವುದು ನಿಮಗೆ ಗೊತ್ತು. ಆ ಏಳು ದಿನಕ್ಕೆ ದುಡಿಯಲು ಹೋದವರೆಲ್ಲ ಊರಿಗೆ ಬರುತ್ತಾರೆ. ಕಳೆದ ಜಾತ್ರೆಗೆ ಬಂದವನು ನನ್ನನ್ನು ಪಕ್ಕಕ್ಕೆ ಕರೆದ. ನಮ್ಮ ಮನೆಮಾತು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಮಾಮಾ, ಒಬ್ಬರು ಪೂರಾ ಸೆಟ್ ಮಾರ್ತಾ ಇದ್ದಾರೆ. 14 ಕೋಲು, ಬ್ಯಾಗ್ ಸಮೇತ. 28 ಸಾವಿರ. ಹೊಸದು ತಕೊಂಡ್ರೆ ಲಕ್ಷದ ಮೇಲೆ ಹೋಗ್ತದಂತೆ. ಆಯಿಗೆ ನೀನೇ ಹೇಳ್ಬೇಕು."

ಅಂದರೆ ಎರಡು ತಿಂಗಳ ಸಂಬಳ. ಅಕ್ಕನ ಅಡುಗೆಮನೆಯ ಮಾಡು ಎರಡು ಮಳೆಗಾಲದಿಂದ ಸೋರುತ್ತಿತ್ತು. ಅವನು ಕಳಿಸಿದ ದುಡ್ಡಲ್ಲೇ ಉಳಿಸಿ ಅವಳು ಅದನ್ನು ರಿಪೇರಿ ಮಾಡಿಸುವವಳಿದ್ದಳು. ಅವಳು ನನಗೆ ಹೇಳಿದ್ದು ಒಂದೇ ಮಾತು: "ಬೇಡ ಅಂತ ಹೇಳು. ಆದ್ರೆ ಹುಡುಗನ ಮನಸ್ಸು ಮುರೀಬೇಡ."

ಸುದ್ದಿ ಬರೆಯುವವನಿಗೆ ಗೊತ್ತಿರುವ ದಾರಿ ಒಂದೇ, ಕೇಳುತ್ತಾ ಹೋಗುವುದು. ಹಳೆಯ ಕ್ಯಾಡಿ ಒಬ್ಬರನ್ನು ಕಂಡೆ. ಕ್ಯಾಡಿ ಅಂದರೆ ಆಟಗಾರನ ಬ್ಯಾಗ್ ಹೊತ್ತು, ಯಾವ ಕೋಲಿನಲ್ಲಿ ಹೊಡೆಯಬೇಕೆಂದು ಸಲಹೆ ಕೊಡುವವರು. ಬೆಂಗಳೂರಿನಲ್ಲಿ ಹೊಸಬರಿಗೆ ಕಲಿಸುವ ಕೋಚ್ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿದೆ. ತಿಳಿದದ್ದು ಇಲ್ಲಿದೆ.

ಮೊದಲನೆಯದು, ನಿಯಮದ ಪ್ರಕಾರ ಬ್ಯಾಗಿನಲ್ಲಿ 14ಕ್ಕಿಂತ ಹೆಚ್ಚು ಕೋಲು ಇರಬಾರದು. 14 ಇರಲೇಬೇಕು ಎಂದು ಎಲ್ಲೂ ಇಲ್ಲ. ಇದು ಎಷ್ಟೋ ಹೊಸಬರಿಗೆ ಗೊತ್ತಿರುವುದಿಲ್ಲ, ಮಾರುವವರು ಹೇಳುವುದೂ ಇಲ್ಲ.

ಇಷ್ಟು ಕೋಲು ಯಾಕೆ? ಕೋಲಿನ ಮುಖ ಎಷ್ಟು ಹಿಂದಕ್ಕೆ ಬಾಗಿದೆ ಎನ್ನುವುದರ ಮೇಲೆ ಚೆಂಡು ಹೋಗುವ ರೀತಿ ಬದಲಾಗುತ್ತದೆ. ಇದಕ್ಕೆ ಲಾಫ್ಟ್ ಅನ್ನುತ್ತಾರೆ. ಉದ್ದನೆಯ ಡ್ರೈವರ್ ಕೋಲಿನ ಲಾಫ್ಟ್ ಹೆಚ್ಚುಕಡಿಮೆ 9ರಿಂದ 12 ಡಿಗ್ರಿ. ಚೆಂಡು ತಗ್ಗಿನಲ್ಲಿ, ದೂರ ಹೋಗುತ್ತದೆ. 7ನೇ ನಂಬರಿನ ಐರನ್ ಕೋಲಿಗೆ 30ರ ಆಚೀಚೆ. ಮರಳಿನ ಗುಂಡಿಯಿಂದ ಚೆಂಡು ಎತ್ತುವ ಸ್ಯಾಂಡ್ ವೆಜ್‌ಗೆ 55ರ ಆಸುಪಾಸು. ಚೆಂಡು ಎತ್ತರ ಹಾರಿ ಹತ್ತಿರದಲ್ಲೇ ಬೀಳುತ್ತದೆ. ಕೊನೆಗೆ ಹುಲ್ಲಿನ ಮೇಲೆ ಚೆಂಡನ್ನು ಉರುಳಿಸಿ ಕುಳಿಗೆ ಸೇರಿಸುವ ಕೋಲು ಪಟರ್.

ಪಳಗಿದ ಆಟಗಾರನಿಗೆ 6ನೇ ನಂಬರಿಗೂ 7ನೇ ನಂಬರಿಗೂ ಹತ್ತು ಗಜದಷ್ಟು ವ್ಯತ್ಯಾಸ ಸಿಗುತ್ತದೆ. ಹೊಸಬನಿಗೆ ಒಂದೇ ಕೋಲಿನಲ್ಲಿ ಒಮ್ಮೆ 60 ಗಜ, ಒಮ್ಮೆ 120 ಗಜ. ಹಾಗಿರುವಾಗ ಪಕ್ಕಪಕ್ಕದ ನಂಬರು ಇಟ್ಟುಕೊಂಡು ಏನು ಪ್ರಯೋಜನ? ಕೋಚ್ ಹೇಳಿದ ಪಟ್ಟಿ ಚಿಕ್ಕದು: ದೂರಕ್ಕೆ ಒಂದು ಹೈಬ್ರಿಡ್, 7ನೇ ಐರನ್, 9ನೇ ಐರನ್, ಒಂದು ಸ್ಯಾಂಡ್ ವೆಜ್, ಒಂದು ಪಟರ್. ಒಟ್ಟು ಐದು. ಡ್ರೈವರ್ ಕಲಿಯಲು ಎಲ್ಲಕ್ಕಿಂತ ಕಷ್ಟ, ಅದು ಆಮೇಲೆ.

ಎರಡನೆಯದು, ಕೋಲು ಮೈಗೆ ಹೊಂದಬೇಕು. ಇದನ್ನು ಅಕ್ಕನಿಗೆ ಹೇಳಿದಾಗ ಅವಳು ತಟ್ಟನೆ ಒಪ್ಪಿದಳು. ಕೊಯ್ಲಿಗೆ ಹೋಗುವ ಹೆಂಗಸರು ತಮ್ಮ ತಮ್ಮ ಕತ್ತಿಯನ್ನೇ ಒಯ್ಯುತ್ತಾರೆ, ಬೇರೆಯವರ ಕತ್ತಿ ಹಿಡಿದರೆ ಮಧ್ಯಾಹ್ನದೊಳಗೆ ಅಂಗೈಯಲ್ಲಿ ಬೊಬ್ಬೆ. ಚಿನ್ನಿದಾಂಡು ಆಡುವಾಗ ನಾವೂ ನಮ್ಮ ಅಳತೆಗೇ ದಾಂಡು ಕಡಿಯುತ್ತಿದ್ದೆವು.

ಗಾಲ್ಫಿನಲ್ಲಿ ಇದನ್ನು ನೋಡುವುದು ಹೀಗೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟು, ಮಣಿಕಟ್ಟಿನಿಂದ ನೆಲದವರೆಗೆ ಅಳೆಯಬೇಕು. ಕೋಲಿನ ಉದ್ದವನ್ನು ಎತ್ತರದ ಜೊತೆಗೆ ಈ ಅಳತೆ ನೋಡಿಯೇ ಹೇಳುತ್ತಾರೆ. ಇನ್ನು ಕೋಲಿನ ತಲೆ ನೆಲದ ಮೇಲೆ ಕೂರುವ ರೀತಿ. ಬಲಗೈ ಆಟಗಾರ ಹೊಡೆಯುವಾಗ ತಲೆಯ ಮುಂತುದಿ ಮೇಲೆದ್ದರೆ ಚೆಂಡು ಎಡಕ್ಕೆ ಹೋಗುತ್ತದೆ, ಹಿಂತುದಿ ಎದ್ದರೆ ಬಲಕ್ಕೆ. ತಪ್ಪು ಕೋಲಿನದು, ಹುಡುಗ ಬೈದುಕೊಳ್ಳುವುದು ತನ್ನ ಕೈಯನ್ನು. ಕೋಲಿನ ಕಾಂಡಕ್ಕೂ ಬಾಗುವ ಗುಣ ಇದೆ. ನಿಧಾನ ಬೀಸುವವನಿಗೆ ಹೆಚ್ಚು ಬಳುಕುವ ಕಾಂಡ, ಜೋರು ಬೀಸುವವನಿಗೆ ಬಿರುಸಾದದ್ದು. ಐರನ್ ತಲೆಯ ಹಿಂಭಾಗ ಟೊಳ್ಳಾಗಿದ್ದು ಅಂಚಿನಲ್ಲಿ ಭಾರ ಇದ್ದರೆ ಒಳ್ಳೆಯದು. ಚೆಂಡು ನಡುವಿಗೆ ತಾಗದಿದ್ದರೂ ಹೊಡೆತ ಪೂರಾ ಕೆಡುವುದಿಲ್ಲ.

ಮಾರಾಟಕ್ಕಿದ್ದ ಆ ಸೆಟ್ ಆರಡಿ ಎತ್ತರದವರದ್ದು, ಕಾಂಡ ಬಿರುಸು. ನಮ್ಮ ಹುಡುಗ ಐದಡಿ ನಾಲ್ಕು ಇಂಚು.

ಮೂರನೆಯದು ನನಗೆ ತುಂಬ ಹಿಡಿಸಿತು. 18 ಕುಳಿಗಳ ಮೈದಾನದಲ್ಲಿ ಪಾರ್, ಅಂದರೆ ನಿಗದಿಯಾದ ಹೊಡೆತಗಳ ಲೆಕ್ಕ, ಸಾಮಾನ್ಯವಾಗಿ 72. ಈ ಲೆಕ್ಕ ಹಾಕುವಾಗಲೇ ಪ್ರತಿ ಕುಳಿಗೆ ಎರಡು ಪಟ್ ಎಂದು ಹಿಡಿಯುತ್ತಾರೆ. 18 ಎರಡಲಿ 36, ಅರ್ಧಕ್ಕೆ ಅರ್ಧ! 14 ಕೋಲಿನಲ್ಲಿ ಒಂದೇ ಕೋಲು ಅರ್ಧ ಆಟ ಆಡುತ್ತದೆ. ಹೊಸಬರು ಹಣ ಸುರಿಯುವುದು ಡ್ರೈವರಿಗೆ, ಅಭ್ಯಾಸ ಮಾಡುವುದೂ ಅದರಲ್ಲೇ.

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2021ರ ಆಗಸ್ಟ್ 7, ನೀರಜ್ ಚೋಪ್ರಾ ಚಿನ್ನ ಗೆದ್ದ ದಿನ. ಅದೇ ಬೆಳಿಗ್ಗೆ ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಪಾರ್‌ಗಿಂತ 15 ಕಡಿಮೆ ಅವರದು, ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೊರ್ಡಾ ಅವರದು 17. ತಾಯಿಯೇ ಕ್ಯಾಡಿಯಾಗಿ ಬ್ಯಾಗ್ ಹೊತ್ತಿದ್ದರು. ಆ 60 ಆಟಗಾರ್ತಿಯರಲ್ಲಿ ಡ್ರೈವರ್ ಹಿಡಿದು ದೂರ ಹೊಡೆಯುವುದರಲ್ಲಿ ಅದಿತಿ ತೀರಾ ಹಿಂದಿನ ಸಾಲಿನಲ್ಲಿದ್ದರು. ಅವರನ್ನು ಪದಕದ ಬಾಗಿಲವರೆಗೆ ತಂದದ್ದು ಪಟರ್.

ಬಡವರ ಮಕ್ಕಳಿಗೆ ಈ ಆಟ ಆಗುತ್ತದಾ ಎಂದು ಅಕ್ಕ ಕೇಳಿದಳು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಬ್ರಿಟಿಷರ ಕಾಲದಲ್ಲಿ. ದೊಡ್ಡವರ ಆಟ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ ಬಿಡದಿ ಹತ್ತಿರದ ಈಗಲ್ಟನ್ ಮೈದಾನದಲ್ಲಿ ಚೆಂಡು ಹೆಕ್ಕುವ ಹುಡುಗನಾಗಿ ಶುರು ಮಾಡಿದ ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾದರು, ದೇಶ ವಿದೇಶದ ಟೂರ್ನಿಗಳಲ್ಲಿ ಆಡಿದರು. ಸ್ಪೇನಿನ ಪೆದ್ರೆನಿಯಾ ಎಂಬ ಸಮುದ್ರದಂಚಿನ ಹಳ್ಳಿಯ ಸೆವೆ ಬಾಯೆಸ್ತೆರೋಸ್ ಹುಡುಗನಾಗಿದ್ದಾಗ ಅಣ್ಣ ಕೊಟ್ಟ ಒಂದೇ ಒಂದು 3ನೇ ಐರನ್ ಹಿಡಿದು ಕಡಲತೀರದ ಮರಳಿನಲ್ಲಿ ಕಲಿತರು. ಒಂದೇ ಕೋಲಿನಲ್ಲಿ ಎತ್ತರ, ತಗ್ಗು, ದೂರ, ಹತ್ತಿರ ಎಲ್ಲ ಹೊಡೆಯುವುದನ್ನು ರೂಢಿಸಿಕೊಂಡರು. ಮುಂದೆ ಬ್ರಿಟಿಷ್ ಓಪನ್ ಮೂರು ಸಲ, ಮಾಸ್ಟರ್ಸ್ ಎರಡು ಸಲ ಗೆದ್ದರು.

ಎಲ್ಲರೂ ಸೆವೆ ಆಗುವುದಿಲ್ಲ. ಹುಡುಗನಿಗೂ ಅದನ್ನೇ ಹೇಳಿದೆ. "ಇದರಿಂದ ಹೊಟ್ಟೆ ತುಂಬ್ತದೆ ಅಂತ ಲೆಕ್ಕ ಹಾಕ್ಬೇಡ. ಆಡ್ಲಿಕ್ಕೆ ಇಷ್ಟ ಇದ್ರೆ ಆಡು. ಅದಕ್ಕೆ ಎಷ್ಟು ಬೇಕೋ ಅಷ್ಟೇ ತಕೋ."

ಅವನು ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಟೇಪು ತಂದು ಮಣಿಕಟ್ಟಿನಿಂದ ನೆಲಕ್ಕೆ ಅಳೆಯಲು ಹೇಳಿದ.

ಹಳೆಯ ಕ್ಯಾಡಿಯ ಮೂಲಕ ಐದು ಕೋಲು ಬಿಡಿಬಿಡಿಯಾಗಿ ಸಿಕ್ಕವು. ಎಲ್ಲ ಸೇರಿ 8,500 ರೂಪಾಯಿ. ಕೊಳ್ಳುವಾಗ ಅವರು ಹೇಳಿದ ಪರೀಕ್ಷೆಗಳು ನಿಮಗೂ ಬೇಕಾಗಬಹುದು.

ಕಾಂಡವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ, ಬಾಗಿದ್ದರೆ ಬಿಡಿ. ಸ್ಟೀಲ್ ಕಾಂಡದ ಮೇಲೆ ತುಕ್ಕಿನ ಗುಳಿ ಇದ್ದರೂ ಬಿಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅದು ಬೇಗ ಹರಡುತ್ತದೆ. ತಲೆಯನ್ನು ಅಲುಗಾಡಿಸಿ, ಗಡಗಡ ಸದ್ದು ಬಂದರೆ ಅಂಟು ಬಿಟ್ಟಿದೆ ಅಥವಾ ಒಳಗೆ ಏನೋ ಮುರಿದಿದೆ. ವೆಜ್ ಕೋಲಿನ ಮುಖದ ಗೀರುಗಳ ಮೇಲೆ ಉಗುರು ಎಳೆಯಿರಿ, ಸಿಕ್ಕಿಕೊಳ್ಳದಿದ್ದರೆ ಸವೆದಿದೆ ಎಂದರ್ಥ. ಹಿಡಿಯ ರಬ್ಬರ್ ಸವೆದು ಹೊಳೆಯುತ್ತಿದ್ದರೆ ಚಿಂತೆ ಇಲ್ಲ, ಅದನ್ನು ಬದಲಿಸಬಹುದು. ದೊಡ್ಡ ಕಂಪನಿಯ ಹೊಸ ಸೆಟ್ ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕರೆ ಅದು ನಕಲಿಯೇ ಎಂದು ತಿಳಿಯಿರಿ.

ಅಭ್ಯಾಸಕ್ಕೆ ಮೈದಾನ ಬೇಕೇ ಬೇಕು ಎಂದಿಲ್ಲ. ಅವನು ತನ್ನ ರೂಮಿನಲ್ಲಿ ಹಳೆಯ ಕಾರ್ಪೆಟ್ ತುಂಡು ಹಾಸಿ, ಸ್ಟೀಲ್ ಲೋಟ ಮಲಗಿಸಿ ಪಟ್ ಮಾಡುತ್ತಾನೆ. ನಿಜವಾದ ಕುಳಿಯ ಬಾಯಿ 4.25 ಇಂಚು. ಲೋಟಕ್ಕೆ ಹೊಡೆದು ಪಳಗಿದವನಿಗೆ ಅದು ಬಾವಿಯಷ್ಟು ಅಗಲ ಕಾಣುತ್ತದಂತೆ. ಊರಿಗೆ ಬಂದಾಗ ಕೊಯ್ಲು ಮುಗಿದ ಗದ್ದೆಯಲ್ಲಿ ಹಳೆಯ ಗೋಣಿ ಹಾಸಿ, ಇಪ್ಪತ್ತು ಹೆಜ್ಜೆ ದೂರದಿಂದ ಅದರ ಮೇಲೆ ಚೆಂಡು ಬೀಳಿಸುತ್ತಾನೆ. ಒಂದು ಎಚ್ಚರಿಕೆ: ಗಾಲ್ಫ್ ಚೆಂಡು 46 ಗ್ರಾಂ ಹತ್ತಿರ ತೂಗುತ್ತದೆ, ಕಲ್ಲಿನಂತೆ ಗಟ್ಟಿ. ಜನ, ದನ ಓಡಾಡುವಲ್ಲಿ ಹೊಡೆಯಲೇಬಾರದು. ರವೀಂದ್ರನಾಥ ಟ್ಯಾಗೋರ್ ಬೀಚಿನ ಸಂಜೆಯ ಗುಂಪಿನ ನಡುವೆ ಯಾರೂ ಸೆವೆ ಆಗಲು ಹೋಗಬೇಡಿ.

ಈ ಆಟದ ಇನ್ನೊಂದು ಗುಣ ಹ್ಯಾಂಡಿಕ್ಯಾಪ್. ನಿಮ್ಮ ಮಟ್ಟಕ್ಕೆ ತಕ್ಕಂತೆ ಹೊಡೆತಗಳ ರಿಯಾಯಿತಿ ಕೊಡುತ್ತಾರೆ, ಗರಿಷ್ಠ 54. ರಿಯಾಯಿತಿ 30 ಇರುವವನು 102 ಹೊಡೆತಕ್ಕೆ ಮುಗಿಸಿದರೆ 72 ಎಂದೇ ಲೆಕ್ಕ. ಹೀಗಾಗಿ ಸಾಹೇಬರ ಜೊತೆ ತೋಟದ ಹುಡುಗನೂ ಸರಿಸಮ ಪೈಪೋಟಿಗೆ ಇಳಿಯಬಹುದು. ಮೈದಾನಕ್ಕೆ ಬಿಟ್ಟುಕೊಂಡರೆ, ಅಷ್ಟೇ. ಆ ಬಾಗಿಲು ಇನ್ನೂ ಎಲ್ಲರಿಗೂ ತೆರೆದಿಲ್ಲ. ನಮ್ಮ ಹುಡುಗನಿಗೆ ಸಿಗುವುದು ವಾರಕ್ಕೆ ಒಂದು ಬೆಳಿಗ್ಗೆ, ಅತಿಥಿಗಳು ಏಳುವ ಮುಂಚೆ, ಮೇಲಿನವರ ಕೃಪೆಯಿಂದ.

ಆ ಒಂದು ಬೆಳಗಿನ ಲೆಕ್ಕವನ್ನು ಅವನು ಪುಸ್ತಕದಲ್ಲಿ ಬರೆದಿಡುತ್ತಾನೆ. ಎಷ್ಟು ದೂರ ಹೊಡೆದೆ ಎಂದಲ್ಲ, ಎಷ್ಟು ಪಟ್ ಆಯಿತು ಎಂದು. ಮೊದಲ ವಾರ ಒಂಬತ್ತು ಕುಳಿಗೆ 27. ಹೋದ ವಾರ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದ, 20. ಕೆಳಗೆ, "ಮಾಮಾ, ಆರನೇ ಕೋಲು ಯಾವಾಗ?"

ಅಕ್ಕನ ಅಡುಗೆಮನೆಗೆ ಮಳೆಗಾಲದ ಮುಂಚೆ ಹೊಸ ಹಂಚು ಬಿತ್ತು. ಆರನೇ ಕೋಲಿನ ವಿಷಯ ಅವಳನ್ನೇ ಕೇಳು ಎಂದು ಉತ್ತರ ಬರೆದೆ.