ಕೆಳಗೆ ನಿಂತವರ ಅಟ್ಟ

ನಮ್ಮ ಹಿತ್ತಲ ಕೊಟ್ಟಿಗೆಯಲ್ಲಿ ದನ ಕಟ್ಟುವುದು ನಿಂತು ಹತ್ತು ವರ್ಷವಾಯಿತು. ನೆಲಕ್ಕೆ ಗಾರೆ ಹಾಕಿಸಿ, ಕಿಟಕಿಯ ಬೆಳಕು ಬೀಳುವ ಕಡೆ ಒಂದು ಕೆಲಸದ ಮೇಜು ಇಟ್ಟುಕೊಂಡ ಮೇಲೆ ಅದು ನನ್ನ ಮರಗೆಲಸದ ಮನೆ. ಊರಿನವರು ಈಗಲೂ ಕೊಟ್ಟಿಗೆ ಅಂತಲೇ ಕರೆಯುತ್ತಾರೆ. ನನಗೂ ಆ ಹೆಸರೇ ಇಷ್ಟ. 10 ಅಡಿ ಅಗಲ, 14 ಅಡಿ ಉದ್ದ, ಜಂಬಿಟ್ಟಿಗೆ ಗೋಡೆ, ಮೇಲೆ ಮಂಗಳೂರು ಹೆಂಚು. ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ದಿನದ ಒಳ್ಳೆಯ ಹೊತ್ತೆಲ್ಲ ಅಲ್ಲೇ ಕಳೆಯುತ್ತದೆ.

ಮರಗೆಲಸದ ಹುಚ್ಚು ಇರುವವನ ಮನೆಗೆ ಮರ ತಾನಾಗಿ ಬಂದು ಸೇರುತ್ತದೆ. ಯಾರೋ ಹಳೆ ಮನೆ ಕೆಡವಿದಾಗ ಕೊಟ್ಟ ದಾರಂದ, ಗಾಳಿಗೆ ಬಿದ್ದ ಹಲಸಿನ ಹಲಗೆ, ಮುರಿದ ಮಂಚದ ಕಾಲು. ಗೋಡೆಗೆ ಒರಗಿಸಿಟ್ಟ ಹಲಗೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಲ್ಲಿನಂತೆ ಬಾಗಿರುತ್ತದೆ. ಮರಕ್ಕೂ ಮಲಗಲು ಜಾಗ ಬೇಕು. ನೆಲದಲ್ಲಿ ಜಾಗವಿಲ್ಲ ಅಂದಮೇಲೆ ಉಳಿಯುವುದು ತಲೆಯ ಮೇಲಿನದೇ.

ಪಕಾಸಿಗೆ ಹಗ್ಗ ಕಟ್ಟಿ ನೇತುಹಾಕಿಬಿಡಿ ಎಂದವರಿದ್ದರು. ನಾನು ಒಪ್ಪಲಿಲ್ಲ. ಒಂದು ಹೆಂಚೇ ಎರಡರಿಂದ ಎರಡೂವರೆ ಕಿಲೋ ತೂಗುತ್ತದೆ. ಆಷಾಢದ ಮಳೆಯಲ್ಲಿ ನೀರು ಕುಡಿದು ಇನ್ನಷ್ಟು ಭಾರವಾಗುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕಡೆಯ ಮಾಡುಗಳ ಚಹರೆಯೇ ಬದಲಾಯಿತಲ್ಲ, ಆ ಮಾಡು ಹೆಂಚನ್ನು ಹೊರಲೆಂದೇ ಕಟ್ಟಿದ್ದು. ಅದರ ಹೆಗಲಿಗೆ ನನ್ನ ಹಲಗೆಗಳನ್ನೂ ಹೇರುವುದು ಅನ್ಯಾಯ. ಅಟ್ಟಕ್ಕೆ ಅದರದೇ ಕಾಲುಗಳಿರಬೇಕು.

ಅಟ್ಟ ಅಂದರೆ ನನಗೆ ಮೊದಲು ನೆನಪಾಗುವುದು ಅಜ್ಜಿಮನೆಯ ಅಡುಗೆಮನೆ. ಒಲೆಯ ಹೊಗೆ ಹಗಲೂ ರಾತ್ರಿ ಮೇಲೇರುತ್ತಿದ್ದ ಆ ಅಟ್ಟದಲ್ಲಿ ಬಿದಿರು ಬುಟ್ಟಿ, ಬೀಜದ ಗಂಟು, ಬಾಳೆಪಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿ ಎಲ್ಲವೂ ಹುಳ ಹಿಡಿಯದೆ ಉಳಿಯುತ್ತಿದ್ದವು. ಹೊಗೆಯೇ ಅದಕ್ಕೆ ಕಾವಲು. ಹತ್ತಲು ಕಚ್ಚು ಕೊರೆದ ಒಂಟಿ ಮರದ ಏಣಿ. ಅಜ್ಜಿಗೆ ಮಂಡಿನೋವು, ಅವಳು ಅಟ್ಟ ಹತ್ತಿದ್ದನ್ನು ನಾನು ಕಂಡೇ ಇಲ್ಲ. ಒಲೆಯ ಮುಂದೆ ಕೂತೇ ಹೇಳುವಳು: "ತಮಾ, ಬಾವಿ ಬದಿಯಿಂದ ಮೂರನೇ ಜಂತಿ. ಕೈ ಚಾಚು. ದೊಡ್ಡ ಬುಟ್ಟಿಯಲ್ಲ, ಅದರ ಹಿಂದಿನದು." ಕತ್ತಲಲ್ಲಿ ಕೈ ಹಾಕಿದರೆ ಅವಳು ಹೇಳಿದ್ದೇ ಸಿಗುತ್ತಿತ್ತು.

ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಟ್ಟ ಕಟ್ಟುವವರೆಲ್ಲ ಎಷ್ಟು ಹಿಡಿಸುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಏರಿಸುವುದು ಒಂದು ದಿನದ ಉತ್ಸಾಹ. ನಾಲ್ಕು ಜನ ಸೇರಿರುತ್ತಾರೆ, ಏರಿಬಿಡುತ್ತದೆ. ಇಳಿಸುವ ದಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ, ಅವರಿಗೆ ವಯಸ್ಸೂ ಆಗಿರುತ್ತದೆ. ಆದ್ದರಿಂದ ಲೆಕ್ಕ ಇಳಿಸುವವರ ಕೈಯಿಂದ ಶುರುವಾಗಬೇಕು. ಒಂದೇ ಕೈಯಲ್ಲಿ ಏಣಿ ಹಿಡಿದು ಇನ್ನೊಂದರಲ್ಲಿ ಹೆಗಲಿಗೆ ತಂದುಕೊಳ್ಳಲಾಗದ್ದು ಮೇಲೆ ಹೋಗಕೂಡದು. ಉದ್ದದ ಹಲಗೆಗೆ ಇಬ್ಬರು, ಅಷ್ಟೇ. ಈ ಮಾತನ್ನು ನಾನು ಬಹಳ ಗಟ್ಟಿಯಾಗಿ ನಂಬಿದ್ದೇನೆ.

ನಮ್ಮೂರ ಆಚಾರ್ರಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತ ಕೊಟ್ಟಿಗೆಯನ್ನೊಮ್ಮೆ ನೋಡಿ, "ಹಿಂದಿನ ಗೋಡೆಗೆ 4 ಅಡಿ ಆಳ ಸಾಕು ಮೇಷ್ಟ್ರೇ. ಅದಕ್ಕಿಂತ ಆಳ ಮಾಡಿದರೆ ಒಳಗೆ ಹೋದದ್ದು ಹೊರಗೆ ಬರೂದಿಲ್ಲ" ಎಂದರು. ನೆಲದಿಂದ ಆರೂವರೆ ಅಡಿ ಎತ್ತರ. ಎದುರಿಗೆ ಗೋಡೆಯಿಂದ ಗೋಡೆಗೆ 10 ಅಡಿಯ ಒಂದು ಮತ್ತಿ ತೊಲೆ, 3 ಅಂಗುಲಕ್ಕೆ 5. ನಡುವೆ ಒಂದು ಕಂಬ.

ಆ ತೊಲೆಯನ್ನು ಅಗಲ ಮಗ್ಗುಲಿಗೆ ಮಲಗಿಸದೆ 5 ಅಂಗುಲದ ಮಗ್ಗುಲು ನಿಲ್ಲುವಂತೆ ಇಟ್ಟರು. ಆಚಾರ್ರು ಇದನ್ನು ತಂದೆಯಿಂದ ಕಲಿತದ್ದು. ಗೆಲಿಲಿಯೋ 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ತನ್ನ ಕೊನೆಯ ದೊಡ್ಡ ಪುಸ್ತಕದಲ್ಲಿ, ಗೃಹಬಂಧನದಲ್ಲಿ ಕಣ್ಣು ಕಳೆದುಕೊಂಡ ಕಾಲದಲ್ಲಿ, ಇದೇ ವಿಷಯಕ್ಕೆ ಜಾಗ ಕೊಟ್ಟಿದ್ದಾನೆ: ಅದೇ ಪಟ್ಟಿ ಮಲಗಿದ್ದಾಗಿನದಕ್ಕಿಂತ ನಿಂತಾಗ ಏಕೆ ಹೆಚ್ಚು ತಾಳುತ್ತದೆ ಎಂದು. ಬಾಗುವುದರ ಲೆಕ್ಕ ಅವನ ನಂತರದ್ದು. ಎತ್ತರ ಇಮ್ಮಡಿಯಾದರೆ ತೊಲೆ ಎಂಟು ಪಟ್ಟು ಬಿಗಿ. ನಮ್ಮ ತೊಲೆಯನ್ನು ಮಲಗಿಸಿದ್ದರೆ ಅದೇ ಭಾರಕ್ಕೆ ಹೆಚ್ಚುಕಡಿಮೆ ಮೂರು ಪಟ್ಟು ಬಾಗುತ್ತಿತ್ತು. ನಡುವಿನ ಕಂಬದ ಮಹಿಮೆ ಇನ್ನೂ ದೊಡ್ಡದು. ಆಧಾರಗಳ ನಡುವಿನ ಅಂತರ ಅರ್ಧವಾದರೆ ಅದೇ ಭಾರಕ್ಕೆ ಬಾಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಲೆಕ್ಕ ತಲೆಯ ಮೇಲೆ ಮರವಾಗಿ ನಿಂತದ್ದನ್ನು ಕಂಡು ನನಗೆ ಆದ ಸಂತೋಷ ಹೇಳತೀರದು.

ಕಂಬದ ತಲೆಯಲ್ಲಿ ತೊಲೆ ಕೂರಲು ಕಚ್ಚು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂಲೆಮಟ್ಟ ಇಟ್ಟು ಗೀಟು ಹಾಕಿ, ಗರಗಸದಲ್ಲಿ ಎರಡು ಕಡೆ ಸೀಳಿ, ನಡುವಿನ ತುಂಡನ್ನು ಉಳಿಯಿಂದ ಬಿಡಿಸಬೇಕು. ಒಂದೇ ಕಡೆಯಿಂದ ಹೊಡೆದರೆ ಆಚೆ ಅಂಚು ಸಿಡಿಯುತ್ತದೆ. ಈ ಕಡೆಯಿಂದ ಅರ್ಧ, ತಿರುಗಿಸಿ ಆ ಕಡೆಯಿಂದ ಅರ್ಧ. ನಡುವೆ ಎರಡೂ ಕೂಡಿದಾಗ ತುಂಡು ಕಳಚಿ ಬೀಳುತ್ತದೆ, ಒಳಗಿನ ಹೊಸ ಮರದ ಒಗರು ವಾಸನೆ ಮೂಗಿಗೆ ಬರುತ್ತದೆ. ತೊಲೆಯನ್ನು ಎತ್ತಿ ಕೂರಿಸಿದಾಗ ಭಾರವೆಲ್ಲ ಮರದಿಂದ ಮರಕ್ಕೆ ಇಳಿಯಿತು. ಬೋಲ್ಟು ಹಾಕಿದ್ದು ಅದು ಅಲುಗದಿರಲಿ ಎಂದಷ್ಟೇ. ಬೋಲ್ಟಿನ ಮೇಲೆ ತೊಲೆಯನ್ನು ನೇತುಹಾಕುವ ಈಗಿನ ಅವಸರದ ಕೆಲಸ ನನಗೆ ಸೇರುವುದಿಲ್ಲ. ಮಟ್ಟ ನೋಡಲು ಆಚಾರ್ರು ರಸಮಟ್ಟ ಮುಟ್ಟಲಿಲ್ಲ. ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿ ಅವರ ಕೈಲಿ, ಇನ್ನೊಂದು ನನ್ನ ಕೈಲಿ. ನೀರು ಎರಡು ಸಲ ತುಯ್ದಾಡಿ ನಿಂತಿತು. "ನಿಂತಿತಾ?" "ನಿಂತಿತು." ಗೀಟು ಹಾಕಿದೆವು.

ಕಂಬದ ಬುಡಕ್ಕೆ ಒಂದು ಕಲ್ಲಿನ ಚಪ್ಪಡಿ. ಗೆದ್ದಲು ಹತ್ತಿದರೆ ಕಲ್ಲಿನ ಮೇಲೆ ಮಣ್ಣಿನ ಗೆರೆ ಮೂಡುತ್ತದೆ, ಕಣ್ಣಿಗೆ ಬೀಳುತ್ತದೆ. ಹೊಗೆಯ ಕಾವಲು ಇಲ್ಲಿಲ್ಲವಾದ್ದರಿಂದ ತೊಲೆ, ಜಂತಿಗಳಿಗೆಲ್ಲ ಗೇರೆಣ್ಣೆ ಬಳಿದೆವು.

ಅಟ್ಟಕ್ಕೆ ಏನು ಹಾಸುವುದು ಎನ್ನುವಲ್ಲಿ ಮಾತು ಬೆಳೆಯಿತು. ಪ್ಲೈವುಡ್ ಸುಲಭ, ಅದು ನಿಜ. ಆದರೆ 8 ಅಡಿಗೆ 4 ಅಡಿಯ 18 ಮಿಲಿಮೀಟರ್ ಹಲಗೆ ಒಂದೇ 30 ಕಿಲೋ ದಾಟುತ್ತದೆ. ಸಾಮಾನು ಇಡುವ ಮೊದಲೇ ಅಟ್ಟಕ್ಕೆ ಅಷ್ಟು ಹೊರೆ. ನಾನು ಹಿಡಿದದ್ದು ಅಡಕೆ ದಬ್ಬೆ. ಹಳೆಯ ಅಡಕೆ ಮರ ಸೀಳಿ, ಒಳಗಿನ ಮೆತ್ತನೆಯ ತಿರುಳು ಕೆತ್ತಿ, ಹೊರಗಿನ ಗಟ್ಟಿ ಪಟ್ಟಿಯನ್ನಷ್ಟೇ ಉಳಿಸಿಕೊಂಡದ್ದು. ಅಂಗಳದಲ್ಲಿ ಅಡಕೆ ಒಣಗಿಸುವ ಅಟ್ಟಕ್ಕೂ ಇದೇ. ಮೊಳೆ ನೇರ ಹೊಡೆದರೆ ದಬ್ಬೆ ಸೀಳುತ್ತದೆ, ಮೊದಲು ತೂತು ಕೊರೆಯಬೇಕು. ದಬ್ಬೆಗೂ ದಬ್ಬೆಗೂ ಅರ್ಧ ಅಂಗುಲ ಸಂದು ಬಿಟ್ಟೆವು. ಗಾಳಿ ಆಡುತ್ತದೆ, ಧೂಳು ಕೂರುವುದಿಲ್ಲ. ಅದಕ್ಕಿಂತ ಮುಖ್ಯ, ಮೇಲೆ ಏನಿದೆ ಎಂದು ಕೆಳಗೆ ನಿಂತವರಿಗೆ ಕಾಣುತ್ತದೆ. ಕಾಣದ ಸಾಮಾನು ಇದ್ದೂ ಇಲ್ಲದ್ದೇ. ಎದುರು ಅಂಚಿಗೆ 2 ಅಂಗುಲದ ಪಟ್ಟಿ, ಏನೂ ಉರುಳಿ ಬರದಂತೆ.

ಬಣ್ಣದ ಡಬ್ಬಿ, ಥಿನ್ನರು, ವಾರ್ನಿಷ್ ಮೇಲೆ ಹೋಗಲಿಲ್ಲ. ಬೇಸಿಗೆಯಲ್ಲಿ ಹೆಂಚಿನ ಕೆಳಗಿನ ಕಾವು ಅವಕ್ಕೆ ಒಳ್ಳೆಯದಲ್ಲ. ಆ ಕಾವು ಬೇಕಾದದ್ದು ಹಲಸಿನ ಹಲಗೆಗಳಿಗೆ. ಅಂಗುಲ ದಪ್ಪಕ್ಕೆ ಒಂದು ವರ್ಷ ಆರಬೇಕು ಎಂಬುದು ಬಡಗಿಗಳ ಲೆಕ್ಕ. ನನ್ನವು ಒಂದೂವರೆ ಅಂಗುಲ. ಹಲಗೆ ಹಲಗೆಯ ನಡುವೆ ರೀಪು ಕೊಟ್ಟು, ಕಂಬದ ನೇರಕ್ಕೆ ಜೋಡಿಸಿ, ತುದಿಯಲ್ಲಿ ಸೀಮೆಸುಣ್ಣದಿಂದ ತಿಂಗಳು ಬರೆದಿದ್ದೇನೆ. ಏರಿಸುವಾಗ ಹಳದಿಯಾಗಿದ್ದವು, ಈಗ ಜೇನಿನ ಬಣ್ಣಕ್ಕೆ ತಿರುಗುತ್ತಿವೆ. ಪಕ್ಕದಲ್ಲಿ ಮಕ್ಕಳ ತೊಟ್ಟಿಲು ಬಿಚ್ಚಿ ಕಟ್ಟಿಟ್ಟದ್ದು, ಗಣಪತಿ ಮಂಟಪ, ಅಪ್ಪನ ಕಾಲದ ಸೇರು ಪಾವು.

ಈ ಸಲ ಚೌತಿಯ ಹಿಂದಿನ ದಿನ ಮಂಟಪ ಇಳಿಸಲು ಏಣಿ ಹತ್ತಿದೆ. ಮೇಲೆ ಸಂಜೆಗತ್ತಲು. ತಡಕಾಡುತ್ತಿದ್ದೆ. ನಮ್ಮವಳು ಕೆಳಗಿನಿಂದ ಟಾರ್ಚು ಹಿಡಿದು ಸಂದಿನಲ್ಲಿ ನೋಡುತ್ತಿದ್ದಳು.

"ಇವ್ರೇ, ಅದಲ್ಲ. ಕಂಬದಿಂದ ಬಲಕ್ಕೆ ಮೂರನೇ ದಬ್ಬೆ. ತೊಟ್ಟಿಲ ಹಿಂದಿನದು."

ಕೈ ಚಾಚಿದೆ. ಮಂಟಪದ ಕಂಬ ಸಿಕ್ಕಿತು. ಒಂದೊಂದಾಗಿ ಅವಳ ಕೈಗೆ ಇಳಿಸಿದೆ.